ಕ್ಯಾಮೆರಾ ಕಂಡ ಹಾಳೆ

ಹರಾಜಿನಲ್ಲಿ ಎರಡು ಚೌಕಟ್ಟುಗಳಿವೆ ಎಂದುಕೊಳ್ಳಿ. ಒಂದರಲ್ಲಿ 1989ರ 'ದಿ ಲಿಟಲ್ ಮರ್ಮೇಡ್' ಚಿತ್ರದ ಏರಿಯಲ್, ಇನ್ನೊಂದರಲ್ಲಿ 1994ರ 'ದಿ ಲಯನ್ ಕಿಂಗ್' ಚಿತ್ರದ ಸಿಂಬಾ. ಎರಡೂ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲಿನ ಚಿತ್ರಗಳು. ಎರಡಕ್ಕೂ ಮುದ್ರೆ ಇದೆ, ಪ್ರಮಾಣಪತ್ರ ಇದೆ. ಎರಡನ್ನೂ ಸಿನಿಮಾ ತಯಾರಿಕೆಯಲ್ಲೇ ಬಳಸಿದ ಅಸಲಿ ಸೆಲ್ ಎಂದು ಮಾರಾಟಕ್ಕಿಟ್ಟಿದ್ದಾರೆ. ಚೌಕಟ್ಟು ಬಿಚ್ಚದೆ, ಭೂತಗನ್ನಡಿ ಹಿಡಿಯದೆ, ಎರಡನೆಯದು ಆ ಮಾತಿಗೆ ತಕ್ಕುದಲ್ಲ ಎಂದು ಹೇಳಿಬಿಡಬಹುದು. ಲಯನ್ ಕಿಂಗ್ ತಯಾರಾಗುವ ಹೊತ್ತಿಗೆ ಡಿಸ್ನಿ ಸ್ಟುಡಿಯೋದಲ್ಲಿ ಸೆಲ್‌ಗೆ ಬಣ್ಣ ತುಂಬುವ ಕೆಲಸ ನಿಂತು ಹಲವು ವರ್ಷಗಳಾಗಿದ್ದವು. 1990ರ 'ದಿ ರೆಸ್ಕ್ಯೂಅರ್ಸ್ ಡೌನ್ ಅಂಡರ್' ಚಿತ್ರದಿಂದಲೇ ಅಲ್ಲಿ ಬಣ್ಣ ತುಂಬುವುದು ಕಂಪ್ಯೂಟರಿನ ಪಾಲಾಗಿತ್ತು. ಸಿಂಬಾನ ಆ ಹಾಳೆ ಸಿನಿಮಾ ಮುಗಿದ ಮೇಲೆ ಅಭಿಮಾನಿಗಳಿಗೆಂದು ತಯಾರಾದದ್ದು. ಚಿತ್ರ ಚೆನ್ನಾಗಿರಬಹುದು, ಆದರೆ ಅದು ಯಾವತ್ತೂ ಕ್ಯಾಮೆರಾದ ಕೆಳಗೆ ಮಲಗಿದ್ದಲ್ಲ.

ಸೆಲ್ ಸಂಗ್ರಹದ ಲೋಕದಲ್ಲಿ ಬೆಲೆಯೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ. ಕೊಳ್ಳುವವರು ದುಡ್ಡು ಕೊಡುವುದು ಚಿತ್ರದ ಅಂದಕ್ಕಿಂತ ಹೆಚ್ಚಾಗಿ ಆ ಹಾಳೆ ಮಾಡಿದ ಕೆಲಸಕ್ಕೆ. ತೆರೆಯ ಮೇಲೆ ಒಂದು ಸೆಕೆಂಡಿನ ಯಾವುದೋ ಸಣ್ಣ ತುಣುಕಾಗಿ ಮಿಂಚಿ ಹೋದದ್ದು ಇದೇ ಹಾಳೆಯೇ? ಈ ಪ್ರಶ್ನೆಗೆ ಉತ್ತರ ಹಾಳೆಯಲ್ಲೇ ಇರುತ್ತದೆ: ತೂತುಗಳಲ್ಲಿ, ಮೂಲೆಯ ಅಂಕಿಗಳಲ್ಲಿ, ರೇಖೆಯ ಅಂಚಿನಲ್ಲಿ, ಪ್ಲಾಸ್ಟಿಕ್ಕಿನ ರಸಾಯನದಲ್ಲಿ. ಈ ಅಧ್ಯಾಯ ಆ ಗುರುತುಗಳನ್ನು ಓದುವ ಬಗೆಯನ್ನು ಕುರಿತದ್ದು.

ಹಾಳೆಗಳ ಅಟ್ಟಿ

ಅನಿಮೇಷನ್ನಿನ ಆರಂಭದ ದಿನಗಳಲ್ಲಿ ಫಿಲ್ಮಿನ ಪ್ರತಿಯೊಂದು ಚೌಕಟ್ಟಿಗೂ ಇಡೀ ಚಿತ್ರವನ್ನು ಮತ್ತೆ ಬರೆಯಬೇಕಿತ್ತು. ಬೆಕ್ಕು ಒಂದು ಹೆಜ್ಜೆ ಇಟ್ಟರೆ ಹಿಂದಿನ ಮನೆ, ಮರ, ಬೇಲಿ ಎಲ್ಲವನ್ನೂ ಮತ್ತೊಮ್ಮೆ ಗೀಚಬೇಕು. ಈ ದುಡಿತವನ್ನು ತಪ್ಪಿಸಿದವನು ಅಮೆರಿಕದ ಅರ್ಲ್ ಹರ್ಡ್. ಚಲಿಸುವ ಪಾತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆದು, ಅದನ್ನು ಒಂದೇ ಹಿನ್ನೆಲೆ ಚಿತ್ರದ ಮೇಲಿಟ್ಟು ಫೋಟೊ ತೆಗೆಯುವ ವಿಧಾನಕ್ಕೆ ಆತ 1914ರಲ್ಲಿ ಅರ್ಜಿ ಹಾಕಿ, ಮರುವರ್ಷ ಪೇಟೆಂಟ್ ಪಡೆದ. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಬಹುಪಾಲು ಕಾರ್ಟೂನ್ ಸಿನಿಮಾಗಳು ಇದೇ ಉಪಾಯದ ಮೇಲೆ ನಡೆದವು.

ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. 1937ರ 'ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್' 83 ನಿಮಿಷದ ಚಿತ್ರ. ಗುಣಿಸಿದರೆ ಸುಮಾರು 1,19,500 ಚೌಕಟ್ಟು. ಒಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಆದರೆ ಒಂದೇ ಚೌಕಟ್ಟಿನಲ್ಲಿ ಸ್ನೋ ವೈಟ್ ಒಂದು ಹಾಳೆ, ಕುಳ್ಳರು ಮತ್ತೊಂದು, ಮುಂದೆ ಹಾರುವ ಹಕ್ಕಿ ಮೂರನೆಯದು ಎಂದು ಪದರಗಳಾಗುವುದರಿಂದ ಲೆಕ್ಕ ಮತ್ತೆ ಏರುತ್ತದೆ. ಒಟ್ಟಿನಲ್ಲಿ ಒಂದು ಚಿತ್ರಕ್ಕೆ ಲಕ್ಷದ ಲೆಕ್ಕದಲ್ಲಿ ಹಾಳೆ ಬೇಕು.

ಅನಿಮೇಟರ್ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಚಿತ್ರದ ಮೇಲೆ ಸೆಲ್ ಹಾಳೆಯನ್ನಿಟ್ಟು ಶಾಯಿಯಲ್ಲಿ ರೇಖೆ ಎಳೆಯುತ್ತಿದ್ದರು. ಡಿಸ್ನಿಯಲ್ಲಿ ಈ ಕೆಲಸ ಮಾಡುತ್ತಿದ್ದವರು ಬಹುತೇಕ ಹೆಂಗಸರು. ಬೆರಳಿನ ಎಣ್ಣೆ ತಾಗದಿರಲೆಂದು ಕೈಗೆ ಬಿಳಿ ಹತ್ತಿ ಗವಸು. ರೇಖೆ ಹಾಳೆಯ ಮುಂಬದಿಯಲ್ಲಿ. ಶಾಯಿ ಒಣಗಿದ ಮೇಲೆ ಹಾಳೆಯನ್ನು ಬೋರಲು ಹಾಕಿ ಹಿಂಬದಿಯಿಂದ ಬಣ್ಣ ತುಂಬುವುದು. ಹೀಗೆ ಮಾಡಿದಾಗ ಬಣ್ಣ ರೇಖೆಯ ಮೇಲೆ ಹರಿದು ಅದನ್ನು ಮುಚ್ಚುವುದಿಲ್ಲ. ಕುಂಚದ ಗೆರೆಗಳೂ ಮುಂದಿನಿಂದ ಕಾಣುವುದಿಲ್ಲ.

ಕ್ಯಾಮೆರಾದ ಕೆಳಗೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಒಂದು ತೊಡಕು. ಸೆಲ್ ಪೂರ್ತಿ ಪಾರದರ್ಶಕವಲ್ಲ, ಪ್ರತಿ ಹಾಳೆಯೂ ಕೊಂಚ ಬೆಳಕನ್ನು ತಿನ್ನುತ್ತದೆ. ಮೇಲಿನ ಹಾಳೆಯ ಬಿಳಿ ಅಚ್ಚ ಬಿಳಿಯಾಗಿ ಕಂಡರೆ, ಮೂರು ಹಾಳೆ ಕೆಳಗಿರುವ ಅದೇ ಬಿಳಿ ಮಂಕಾಗಿ ಕಾಣುತ್ತದೆ. ಪಾತ್ರವೊಂದು ದೃಶ್ಯದ ನಡುವೆ ಪದರ ಬದಲಿಸಿದರೆ ಅದರ ಅಂಗಿಯ ಬಣ್ಣವೇ ಬದಲಾದಂತೆ ಅನಿಸಬಹುದು. ಇದಕ್ಕೆಂದೇ ಬಣ್ಣದ ಕೋಣೆಯಲ್ಲಿ ಒಂದೇ ಬಣ್ಣವನ್ನು ಬೇರೆ ಬೇರೆ ಪದರಕ್ಕೆ ಹೊಂದುವಂತೆ ತುಸು ತಿಳಿಯಾಗಿಸಿ ಕಲಸಿಡುತ್ತಿದ್ದರು. ಪಾತ್ರ ಇಲ್ಲದ ಜಾಗದಲ್ಲಿ ಖಾಲಿ ಹಾಳೆ ತುರುಕಿ ಪದರಗಳ ಸಂಖ್ಯೆಯನ್ನು ಸಮವಾಗಿ ಉಳಿಸಿಕೊಳ್ಳುತ್ತಿದ್ದರು. ಆದ್ದರಿಂದ ಒಂದೇ ಪಾತ್ರದ ಎರಡು ಅಸಲಿ ಸೆಲ್‌ಗಳಲ್ಲಿ ಬಣ್ಣ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಅನುಮಾನ ಪಡಬೇಕಿಲ್ಲ.

ತೂತು, ಅಂಕಿ, ಅಂಚು

ಲಕ್ಷ ಹಾಳೆಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಫೋಟೊ ತೆಗೆಯುವಾಗ ಕೂದಲಿನಷ್ಟು ಸರಿದರೂ ತೆರೆಯ ಮೇಲೆ ಚಿತ್ರ ನಡುಗುತ್ತದೆ. ಅದಕ್ಕೆ ಕಾಗದಕ್ಕೂ ಸೆಲ್‌ಗೂ ಹಿನ್ನೆಲೆಗೂ ಒಂದೇ ಅಳತೆಯ ತೂತು ಕೊರೆದು, ಮೇಜಿಗೆ ಕೂರಿಸಿದ ಗೂಟಗಳಿಗೆ ಸಿಕ್ಕಿಸುತ್ತಿದ್ದರು. ಅಮೆರಿಕದಲ್ಲಿ ಬಹಳ ಕಡೆ ಬಳಕೆಯಾದದ್ದು ಅಕ್ಮಿ ಎಂಬ ಮಾದರಿ: ನಡುವೆ ಒಂದು ದುಂಡು ತೂತು, ಎರಡು ಬದಿಗೆ ಉದ್ದನೆಯ ಚಪ್ಪಟೆ ತೂತು. ಡಿಸ್ನಿಯ 1930ರ ದಶಕದ ಮೊದಲ ಭಾಗದ ರೇಖಾಚಿತ್ರಗಳಲ್ಲಿ ಕಾಣುವುದು ಎರಡು ದುಂಡು ತೂತುಗಳು. ತೂತಿನ ವಿನ್ಯಾಸ ಸ್ಟುಡಿಯೋಗೂ ಕಾಲಕ್ಕೂ ಹೊಂದುತ್ತದೆಯೇ ಎಂಬುದು ಪರಿಣತರು ನೋಡುವ ಮೊದಲ ಅಂಶ.

ಎರಡನೆಯದು ಅಂಕಿ. ಸೆಲ್‌ನ ಅಂಚಿನಲ್ಲಿ ಸಣ್ಣದಾಗಿ ಬರೆದ ಸಂಖ್ಯೆ ಆ ದೃಶ್ಯದಲ್ಲಿ ಅದು ಎಷ್ಟನೆಯ ಚಿತ್ರ ಎಂಬುದನ್ನು ಹೇಳುತ್ತದೆ. ಯಾವ ಚಿತ್ರ ಎಷ್ಟು ಚೌಕಟ್ಟು ನಿಲ್ಲಬೇಕು, ಯಾವ ಪದರದಲ್ಲಿ ಕೂರಬೇಕು ಎಂಬ ಪಟ್ಟಿ ಕ್ಯಾಮೆರಾದವನ ಕೈಯಲ್ಲಿ ಇರುತ್ತಿತ್ತು. ಅಂಕಿ ನೋಡಿಯೇ ಅವನು ಹಾಳೆ ಬದಲಿಸುತ್ತಿದ್ದ. ಕೆಲವು ಹಾಳೆಗಳಲ್ಲಿ ದೃಶ್ಯದ ಸಂಖ್ಯೆ, ತಯಾರಿಕೆಯ ಸಂಖ್ಯೆ ಕೂಡ ಸಿಗುತ್ತದೆ. ಪೆನ್ಸಿಲ್ ಚಿತ್ರದ ಸಂಖ್ಯೆಯೂ ಸೆಲ್‌ನ ಸಂಖ್ಯೆಯೂ ಒಂದೇ ಆಗಿರಬೇಕು. ಎರಡೂ ಒಟ್ಟಿಗೆ ಸಿಕ್ಕಿ ರೇಖೆಗೆ ರೇಖೆ ಕೂತರೆ ಬಲವಾದ ಸಾಕ್ಷಿ ಆಯಿತು.

ಮೂರನೆಯದಕ್ಕೆ ಭೂತಗನ್ನಡಿ ಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಸಾಮಾನ್ಯ ಗಾಜು ಸಾಕು. ಕೈಯಲ್ಲಿ ಎಳೆದ ಶಾಯಿ ರೇಖೆ ಆರಂಭದಲ್ಲಿ ಸಪೂರ, ನಡುವೆ ತುಂಬಿಕೊಂಡು, ಕೊನೆಯಲ್ಲಿ ಮತ್ತೆ ಮೊನಚಾಗುತ್ತದೆ. ಅದರ ಅಂಚು ನುಣುಪು. ಕೆನ್ನೆಯ ರೇಖೆ ಕಂದು, ಅಂಗಿಯ ರೇಖೆ ನೀಲಿ ಎಂದು ಜಾಗಕ್ಕೆ ತಕ್ಕ ಬಣ್ಣದ ಶಾಯಿಗಳೂ ಇರುತ್ತವೆ. ಮುಂದೆ ಕೈಶಾಯಿಯ ಜಾಗಕ್ಕೆ ಬಂದ ಜೆರಾಕ್ಸ್ ಯಂತ್ರದ ರೇಖೆ ಹಾಗಲ್ಲ. ಅದು ಸಣ್ಣ ಸಣ್ಣ ಕಪ್ಪು ಪುಡಿಕಣಗಳ ಸಾಲು, ಅಂಚು ಒರಟು. ಅಚ್ಚು ಹಾಕಿದ ಚಿತ್ರವಾದರೆ ಬಣ್ಣವೇ ಚುಕ್ಕಿಗಳಾಗಿ ಒಡೆದುಕೊಳ್ಳುತ್ತದೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲುಗಟ್ಟಿ ಕಂಡರೆ ಆ ಹಾಳೆ ಕುಂಚವನ್ನು ಕಂಡದ್ದೇ ಅಲ್ಲ.

ಆಮೇಲೆ ಹಾಳೆಯನ್ನು ತಿರುಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಬೇಕು. ಕೈಯಿಂದ ತುಂಬಿದ ಬಣ್ಣ ಹಿಂಬದಿಯಲ್ಲಿ ಏರುತಗ್ಗಾಗಿರುತ್ತದೆ: ಒಂದು ಬಣ್ಣ ಇನ್ನೊಂದರ ಮೇಲೆ ಹತ್ತಿರುತ್ತದೆ, ಕುಂಚ ಎತ್ತಿದ ಕಡೆ ಚಿಕ್ಕ ಗುಡ್ಡೆ ನಿಂತಿರುತ್ತದೆ, ರೇಖೆಯಿಂದ ಒಂದಿಷ್ಟು ಆಚೆ ಚಾಚಿಕೊಂಡಿರುತ್ತದೆ. ಜರಡಿ ಮುದ್ರಣದ ಬಣ್ಣ ಎಲ್ಲ ಕಡೆ ಒಂದೇ ದಪ್ಪ, ಅಂಚು ಕತ್ತರಿಸಿದಷ್ಟು ನೇರ. ಇಂಥ ಮುದ್ರಿತ ಹಾಳೆಗಳನ್ನು ಮಾರುಕಟ್ಟೆಯಲ್ಲಿ ಸೆರಿಸೆಲ್ ಎನ್ನುತ್ತಾರೆ. ಒಂದೊಂದು ಚಿತ್ರವನ್ನು ಸಾವಿರಗಟ್ಟಲೆ ಅಚ್ಚು ಹಾಕಿರುತ್ತಾರೆ. ಇವುಗಳಲ್ಲಿ ಮೋಸವೇನೂ ಇಲ್ಲ, ಮಾರುವವನು ಹೆಸರು ಹೇಳಿ ಮಾರಿದರೆ. 'ಇಷ್ಟರಲ್ಲಿ ಇಷ್ಟನೆಯದು' ಎಂದು ಮೂಲೆಯಲ್ಲಿ ಭಿನ್ನರಾಶಿಯಂತೆ ಬರೆದಿದ್ದರೆ ಅದು ಸೀಮಿತ ಆವೃತ್ತಿ. ಕೈಯಲ್ಲೇ ಬಣ್ಣ ತುಂಬಿದ್ದರೂ ಸಂಗ್ರಾಹಕರಿಗಾಗಿ ಮಾಡಿದ್ದು ಎಂದು ಅರ್ಥ. ತಯಾರಿಕೆಯ ಸೆಲ್‌ನಲ್ಲಿ ಅಂಥ ಸಂಖ್ಯೆ ಇರುವುದಿಲ್ಲ.

ಕೊನೆಯ ಪರೀಕ್ಷೆಯನ್ನು ಈಗ ಮನೆಯಲ್ಲೇ ಕೂತು ಮಾಡಬಹುದು. ಚಿತ್ರದ ಒಳ್ಳೆಯ ಪ್ರತಿ ಹಾಕಿ, ಚೌಕಟ್ಟು ಚೌಕಟ್ಟಾಗಿ ನಿಲ್ಲಿಸುತ್ತ ಹೋಗಿ, ಕೈಯಲ್ಲಿರುವ ಸೆಲ್‌ಗೆ ಬೆರಳ ಮಡಿಕೆಯಿಂದ ರೆಪ್ಪೆಯ ಕೋನದವರೆಗೆ ಹೊಂದುವ ಚೌಕಟ್ಟನ್ನು ಹುಡುಕುವುದು. ಬಣ್ಣ ಹೊಂದದಿದ್ದರೆ ಚಿಂತೆಯಿಲ್ಲ, ಏಕೆಂದರೆ ಫಿಲ್ಮ್, ದೀಪ, ಮೇಲಿನ ಪದರಗಳು ಬಣ್ಣವನ್ನು ಬದಲಿಸಿರುತ್ತವೆ. ರೇಖೆ ಹೊಂದಬೇಕು. ನಕಲಿ ಮಾಡುವವನೂ ಪರದೆ ನಿಲ್ಲಿಸಿಯೇ ನಕಲು ಎತ್ತಬಹುದು, ಆದ್ದರಿಂದ ಇದೊಂದೇ ಸಾಲದು. ತೂತು, ಅಂಕಿ, ರೇಖೆ, ಹಿಂಬದಿ ಎಲ್ಲ ಒಂದೇ ಮಾತು ಹೇಳಬೇಕು.

ರೇಖೆಯಿಂದ ವಯಸ್ಸು

ಸೆಲ್‌ನ ಕಾಲವನ್ನು ರೇಖೆಯಿಂದ ಅಂದಾಜು ಮಾಡಬಹುದು. ಡಿಸ್ನಿಯಲ್ಲಿ ಕೈಶಾಯಿಯ ಕಾಲ 1950ರ ದಶಕದ ಕೊನೆಗೆ ಮುಗಿಯಿತು. 1959ರ 'ಸ್ಲೀಪಿಂಗ್ ಬ್ಯೂಟಿ' ಆ ಕಾಲದ ಕೊನೆಯ ದೊಡ್ಡ ಚಿತ್ರ. ಅಬ್ ಐವರ್ಕ್ಸ್ ಎಂಬ ತಂತ್ರಜ್ಞ ಜೆರಾಕ್ಸ್ ಯಂತ್ರವನ್ನು ಅನಿಮೇಷನ್ನಿಗೆ ಒಗ್ಗಿಸಿ, ಪೆನ್ಸಿಲ್ ರೇಖೆಯನ್ನು ನೇರವಾಗಿ ಸೆಲ್‌ಗೆ ದಾಟಿಸಿದ. 1961ರ 'ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್' ಹೀಗೆ ತಯಾರಾದ ಮೊದಲ ಪೂರ್ಣಾವಧಿ ಚಿತ್ರ. ನೂರೊಂದು ನಾಯಿಗಳ ಸಾವಿರಾರು ಚುಕ್ಕೆಗಳನ್ನು ಕೈಯಲ್ಲಿ ಶಾಯಿ ಹಾಕಿ ತಿದ್ದುವುದು ಯಾವ ಸ್ಟುಡಿಯೋಗೂ ಗಿಟ್ಟುವ ಕೆಲಸವಾಗಿರಲಿಲ್ಲ. ಹಾಗಾಗಿ ಡಾಲ್ಮೇಷಿಯನ್ ಸೆಲ್‌ನಲ್ಲಿ ನುಣುಪಾದ ಬಣ್ಣದ ಶಾಯಿ ರೇಖೆಯೇ ಎಲ್ಲೆಲ್ಲೂ ಕಂಡರೆ, ಅಥವಾ ಸ್ನೋ ವೈಟ್ ಸೆಲ್‌ನಲ್ಲಿ ಪುಡಿಪುಡಿ ಕಪ್ಪು ರೇಖೆ ಕಂಡರೆ, ಮುಂದೆ ಕೇಳುವುದೇನೂ ಉಳಿಯುವುದಿಲ್ಲ.

ಸೆಲ್‌ನ ಅಂತ್ಯಕಾಲವೂ ಹೀಗೆಯೇ ಗುರುತಿನ ಕಂಬ. ಡಿಸ್ನಿ ಸ್ಟುಡಿಯೋದ ಪೂರ್ಣಾವಧಿ ಚಿತ್ರಗಳಿಗೆ ಅದು 1989. ಟೆಲಿವಿಷನ್ನಿನ 'ದಿ ಸಿಂಪ್ಸನ್ಸ್' 2002ರಲ್ಲಿ ಕಂಪ್ಯೂಟರ್ ಬಣ್ಣಕ್ಕೆ ಪೂರ್ತಿ ಹೊರಳಿತು. ಜಪಾನಿನಲ್ಲಿ ಸ್ಟುಡಿಯೋ ಘಿಬ್ಲಿಯ 'ಪ್ರಿನ್ಸೆಸ್ ಮೊನೊನೊಕೆ' 1997ರಲ್ಲಿ ಬಂದಾಗ ಅದಕ್ಕೆ ಸುಮಾರು 1,44,000 ಸೆಲ್ ಬಳಕೆಯಾಗಿತ್ತು. ಎರಡೇ ವರ್ಷದಲ್ಲಿ, 1999ರ 'ಮೈ ನೇಬರ್ಸ್ ದಿ ಯಮಾದಾಸ್' ಚಿತ್ರಕ್ಕೆ, ಅದೇ ಸ್ಟುಡಿಯೋ ಸೆಲ್ ಕೈಬಿಟ್ಟಿತ್ತು. ಆದ್ದರಿಂದ 2001ರ 'ಸ್ಪಿರಿಟೆಡ್ ಅವೇ' ಚಿತ್ರದ ತಯಾರಿಕೆಯ ಸೆಲ್ ಎಂದು ಯಾರಾದರೂ ತಂದರೆ ಸಿಂಬಾನಿಗೆ ಹೇಳಿದ ಉತ್ತರವೇ ಅದಕ್ಕೂ. ಟೋಕಿಯೋದ ದೀರ್ಘಾಯು ಧಾರಾವಾಹಿ 'ಸಜಾಯೆ-ಸಾನ್' ಮಾತ್ರ 2013ರವರೆಗೂ ಸೆಲ್ ಹಿಡಿದುಕೊಂಡಿತ್ತು.

ಜಪಾನೀ ಸೆಲ್‌ಗಳದ್ದು ಬೇರೆಯದೇ ಲಿಪಿ. ಮೇಲಿನ ಬಲಮೂಲೆಯಲ್ಲಿ ಎ, ಬಿ, ಸಿ ಎಂದು ಪದರದ ಅಕ್ಷರ, ಪಕ್ಕದಲ್ಲಿ ಸಂಖ್ಯೆ. ಸರಣಿಯ ಕೊನೆಯ ಹಾಳೆಯ ಮೇಲೆ ಮುಗಿಯಿತೆಂಬ ಗುರುತು. ಅಲ್ಲಿ ಶಾಯಿಯ ಬದಲು ಯಂತ್ರದಲ್ಲಿ ಕಾರ್ಬನ್ ಹಾಳೆಯಿಟ್ಟು ಶಾಖದಿಂದ ರೇಖೆ ದಾಟಿಸುತ್ತಿದ್ದರು. ಆ ರೇಖೆ ವರ್ಷ ಕಳೆದಂತೆ ಕಪ್ಪಿನಿಂದ ಕಂದಾಗಿ, ಕೊನೆಗೆ ಅಳಿಸಿದಂತೆ ಆಗುವುದುಂಟು. ಬಣ್ಣ ಪೂರ್ತಿ ಒಣಗುವ ಮೊದಲೇ ಕಟ್ಟು ಕಟ್ಟಿಟ್ಟದ್ದರಿಂದ ಪೆನ್ಸಿಲ್ ಚಿತ್ರದ ಕಾಗದ ಸೆಲ್‌ನ ಬೆನ್ನಿಗೆ ಅಂಟಿಕೊಂಡಿರುವುದೂ ಬಹಳ ಸಾಮಾನ್ಯ. ಅದನ್ನು ಕಿತ್ತು ತೆಗೆಯಲು ಹೋದರೆ ಬಣ್ಣವೂ ಕಾಗದದ ಜೊತೆ ಎದ್ದು ಬರುತ್ತದೆ. ಬಲ್ಲವರು ಅಂಟಿದ ಕಾಗದವನ್ನು ದೋಷವೆನ್ನದೆ ಸಾಕ್ಷಿಯೆಂದೇ ಉಳಿಸಿಕೊಳ್ಳುತ್ತಾರೆ. ಟೋಕಿಯೋದ ನಕಾನೊದಲ್ಲಿರುವ ಮಂದರಾಕೆ ಅಂಗಡಿಯಲ್ಲಿ ಇಂಥ ಸೆಲ್‌ಗಳ ವಹಿವಾಟು ದಶಕಗಳಿಂದ ನಡೆದಿದೆ.

ತೂತಿಲ್ಲದ ಅಸಲಿ

ಎಲ್ಲ ನಿಯಮಕ್ಕೂ ಅಪವಾದ ಉಂಟು. ಸೆಲ್ ದುಬಾರಿಯಾಗಿದ್ದ ಕಾಲದಲ್ಲಿ ಸ್ಟುಡಿಯೋಗಳು ಚಿತ್ರೀಕರಣ ಮುಗಿದ ಹಾಳೆಯನ್ನು ತೊಳೆದು ಮತ್ತೆ ಬಳಸುತ್ತಿದ್ದವು. 1930ರ ದಶಕದ ಮೊದಲ ಭಾಗದ ಸೆಲ್‌ಗಳು ಇಂದು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ. ಸ್ನೋ ವೈಟ್ ಗೆದ್ದ ಮೇಲೆ, 1938ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವ್ಯಾಸಿಯೆ ಗ್ಯಾಲರಿ ಡಿಸ್ನಿಯೊಂದಿಗೆ ಒಪ್ಪಂದ ಮಾಡಿಕೊಂಡು ಸೆಲ್‌ಗಳನ್ನು ಕಲಾಕೃತಿಗಳಾಗಿ ಮಾರತೊಡಗಿತು. ಅವರು ಪಾತ್ರದ ಸುತ್ತಲಿನ ಖಾಲಿ ಹಾಳೆಯನ್ನು ಕತ್ತರಿಸಿ, ಚಿತ್ರವನ್ನು ಮರದ ತೆಳುಹೊದಿಕೆಯ ಮೇಲೋ ಚುಕ್ಕಿ, ನಕ್ಷತ್ರಗಳ ಕಾಗದದ ಮೇಲೋ ಅಂಟಿಸಿ, ಚೌಕಟ್ಟಿನ ಹಿಂದೆ ಚೀಟಿ ಹಚ್ಚಿ ಮಾರಿದರು. ಇಂಥವಕ್ಕೆ ತೂತೂ ಇಲ್ಲ, ಅಂಕಿಯೂ ಇಲ್ಲ. ಕತ್ತರಿ ಎರಡನ್ನೂ ಕೊಂಡೊಯ್ದಿದೆ. ಇಲ್ಲಿ ಸಾಕ್ಷಿ ಹೇಳಬೇಕಾದದ್ದು ಆ ಹಿನ್ನೆಲೆ, ಆ ಚೀಟಿ, ಆ ಕಾಲದ ರಟ್ಟು. ಬೇರೆ ಸೆಲ್ ಮಟ್ಟಿಗೆ ಮಹಾಪರಾಧವಾಗುವ ಕತ್ತರಿ ಕೂರ್ವ್ಯಾಸಿಯೆ ಸೆಲ್ ಮಟ್ಟಿಗೆ ಹುಟ್ಟುಗುರುತು.

ಮುಂದೆ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿನ ಆರ್ಟ್ ಕಾರ್ನರ್ ಮಳಿಗೆಯಲ್ಲಿ ಪ್ರವಾಸಿಗರಿಗೆ ಸೆಲ್‌ಗಳನ್ನು ಕೆಲವೇ ಡಾಲರಿಗೆ, ಬೆನ್ನಿಗೆ ಚಿನ್ನದ ಬಣ್ಣದ ಚೀಟಿ ಹಚ್ಚಿ ಕೊಡುತ್ತಿದ್ದರು. ಈ ಚೀಟಿಗಳೂ ಮುದ್ರೆಗಳೂ ಹೇಳುವುದು ಹಾಳೆ ಯಾವಾಗ ಮಾರಾಟವಾಯಿತು ಎಂಬುದನ್ನು, ಯಾವಾಗ ತಯಾರಾಯಿತು ಎಂಬುದನ್ನಲ್ಲ. ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್ 1986ರಲ್ಲಿ ದಿ ವಾಲ್ಟ್ ಡಿಸ್ನಿ ಕಂಪನಿ ಎಂದು ಹೆಸರು ಬದಲಿಸಿಕೊಂಡಿತು. 1981ರ ಚಿತ್ರದ ಸೆಲ್ ಮೇಲೆ ಹೊಸ ಹೆಸರಿನ ಮುದ್ರೆ ಇದ್ದರೆ, ಅದು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತು ಆಮೇಲೆ ಹೊರಗೆ ಬಂದಿರಬಹುದು.

ಸಹಿಯ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ವಾಲ್ಟ್ ಡಿಸ್ನಿಯ ಪರವಾಗಿ ಅವರ ಸಹಿ ಹಾಕಲು ಸ್ಟುಡಿಯೋದಲ್ಲೇ ಕಲಾವಿದರಿದ್ದರು. ಹ್ಯಾಂಕ್ ಪೋರ್ಟರ್ ಅವರಲ್ಲೊಬ್ಬರು. ಹಾಗಾಗಿ ಅಸಲಿ ಸೆಲ್ ಮೇಲೆ, ಸ್ಟುಡಿಯೋದಿಂದಲೇ ಬಂದ, ಆದರೆ ವಾಲ್ಟ್ ಕೈಯದಲ್ಲದ ಸಹಿ ಇರುವುದು ಸಾಧ್ಯ. ಸೆಲ್‌ಗೊಂದು ಪರೀಕ್ಷೆ, ಸಹಿಗೆ ಇನ್ನೊಂದು.

ಕರ್ಪೂರ ಮತ್ತು ವಿನೆಗರ್

ಇಲ್ಲಿಯವರೆಗೆ ಕಣ್ಣಿನ ಕೆಲಸ. ಇನ್ನು ರಸಾಯನದ್ದು. ಆರಂಭದ ಸೆಲ್‌ಗಳು ಸೆಲ್ಯುಲೋಸ್ ನೈಟ್ರೇಟ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ, ಅದು ಗಡುಸಾಗಿ ಒಡೆಯದಂತೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್. ನಮ್ಮ ಮಂಗಳಾರತಿಯ ಕರ್ಪೂರವೇ. ಅದು ತಟ್ಟೆಯಲ್ಲಿಟ್ಟರೆ ಹೇಗೆ ತಾನಾಗಿ ಆವಿಯಾಗುತ್ತದೋ ಹಾಳೆಯ ಒಳಗಿನಿಂದಲೂ ಹಾಗೆಯೇ ನಿಧಾನವಾಗಿ ಹೊರಟುಹೋಗುತ್ತದೆ. ಹಾಳೆ ಕುಗ್ಗುತ್ತದೆ, ಅಲೆಅಲೆಯಾಗುತ್ತದೆ, ಹಳದಿಗಟ್ಟಿ ಪೆಡಸಾಗುತ್ತದೆ. ನೈಟ್ರೇಟ್ ತಾನೂ ಒಡೆಯುತ್ತ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ. ಅವು ಗಾಳಿಯ ತೇವದೊಂದಿಗೆ ಸೇರಿ ಮತ್ತೆ ನೈಟ್ರಿಕ್ ಆಮ್ಲವಾಗಿ ಹಾಳೆಯನ್ನೇ ತಿನ್ನತೊಡಗುತ್ತವೆ. ಇದಕ್ಕೆ ಬೆಂಕಿ ತಗುಲಿದರೆ ಆರಿಸುವುದೂ ಕಷ್ಟ, ಉರಿಯಲು ಬೇಕಾದ ಆಮ್ಲಜನಕ ಅಣುವಿನಲ್ಲೇ ಇದೆ.

ಈ ಅಪಾಯದಿಂದಾಗಿ ಸೆಲ್ಯುಲೋಸ್ ಅಸಿಟೇಟ್ ಬಂತು. ಬದಲಾವಣೆ ಒಂದೇ ದಿನ ಆದದ್ದಲ್ಲ. 1930ರ ದಶಕದ ಕೊನೆಯಿಂದ 1940ರ ದಶಕದವರೆಗೆ ಎರಡೂ ಬಗೆಯ ಹಾಳೆಗಳು ಬಳಕೆಯಲ್ಲಿದ್ದವು. ಅಸಿಟೇಟ್ ಭಗ್ಗೆಂದು ಉರಿಯದು, ಆದರೆ ಅದಕ್ಕೆ ಬೇರೆ ಕಾಯಿಲೆ. ಗಾಳಿಯ ತೇವ ಅದರಿಂದ ಅಸಿಟೇಟ್ ಗುಂಪುಗಳನ್ನು ಕಿತ್ತಾಗ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಇನ್ನಷ್ಟು ಗುಂಪುಗಳು ಕಳಚುವುದಕ್ಕೆ ವೇಗ ಕೊಡುತ್ತದೆ. ಒಮ್ಮೆ ಹತ್ತಿದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಕ್ರಿಯೆ ಇದು. ಪೆಟ್ಟಿಗೆ ತೆರೆದಾಗ ಉಪ್ಪಿನಕಾಯಿಗೆ ಹಾಕುವ ವಿನೆಗರಿನ ಘಾಟು ಬಂದರೆ ಒಳಗೆ ಇದು ಶುರುವಾಗಿದೆ ಎಂದೇ ಅರ್ಥ. ಮೂಗಿಗೆ ತಿಳಿಯುವ ಮೊದಲೇ ಹಿಡಿಯಲು ಆಮ್ಲಕ್ಕೆ ಬಣ್ಣ ಬದಲಿಸುವ ಪಟ್ಟಿಗಳಿವೆ. ಅಮೆರಿಕದ ರಾಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ರೂಪಿಸಿದ ಪಟ್ಟಿ ನೀಲಿಯಿಂದ ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತ ಆಮ್ಲದ ಪ್ರಮಾಣ ತೋರಿಸುತ್ತದೆ.

ಹಾಳೆ ನೈಟ್ರೇಟೋ ಅಸಿಟೇಟೋ ಎಂದು ತಿಳಿಯುವುದು ಕಾಲನಿರ್ಣಯಕ್ಕೂ ಬೇಕು, ರಕ್ಷಣೆಗೂ ಬೇಕು. ಮೂಲೆಗೆ ಕಡ್ಡಿ ಗೀರಿ ನೋಡುವ ಹಳೆಯ ಪರೀಕ್ಷೆಯನ್ನು ಯಾರೂ ಮಾಡಬಾರದು. ಪ್ರಯೋಗಾಲಯದಲ್ಲಿ ಗಂಧಕಾಮ್ಲದಲ್ಲಿ ಕರಗಿಸಿದ ಡೈಫಿನೈಲ್ ಅಮೀನ್‌ನ ಒಂದು ಹನಿ, ಸೂಜಿಮೊನೆಯಷ್ಟು ಚೂರಿಗೆ ತಾಗಿ ಕಡುನೀಲಿಯಾದರೆ ಅದು ನೈಟ್ರೇಟ್. ಅಷ್ಟು ಚೂರನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದವರಿಗೆ ಅವಕೆಂಪು ರೋಹಿತಮಾಪಕ ಇದೆ. ನೈಟ್ರೇಟ್ ಗುಂಪು, ಅಸಿಟೇಟ್ ಗುಂಪು ಬೇರೆ ಬೇರೆ ತರಂಗಾಂತರದ ಅವಕೆಂಪು ಬೆಳಕನ್ನು ಹೀರುವುದರಿಂದ ಹಾಳೆಯನ್ನು ಕತ್ತರಿಸದೆಯೇ ಉತ್ತರ ಸಿಗುತ್ತದೆ. 1920ರ ದಶಕದ್ದೆಂದು ಮಾರಲು ತಂದ ಹಾಳೆ ಪಾಲಿಯೆಸ್ಟರ್ ಎಂದು ತೋರಿದರೆ ಪ್ರಕರಣ ಅಲ್ಲಿಗೇ ಮುಗಿಯಿತು. ಆ ಪ್ಲಾಸ್ಟಿಕ್ ಆಗಿನ್ನೂ ಹುಟ್ಟಿರಲಿಲ್ಲ.

ಬಣ್ಣದ್ದು ಮತ್ತೊಂದು ಕಥೆ. ಡಿಸ್ನಿಯವರು ತಮ್ಮದೇ ಪ್ರಯೋಗಾಲಯದಲ್ಲಿ ಬಣ್ಣ ಅರೆಯುತ್ತಿದ್ದರು. ಅದರ ಅಂಟು ಜಾಲಿಯ ಜಾತಿಯ ಮರದ ಗೋಂದು. ಒಣಗಿ ಚಕ್ಕೆ ಏಳದಿರಲೆಂದು ತೇವ ಹಿಡಿದಿಡುವ ಪದಾರ್ಥಗಳನ್ನು ಬೆರೆಸುತ್ತಿದ್ದರು. ಗೋಂದಿನ ಬಣ್ಣ ಮೆದುವಾಗಿ ಉಳಿಯಲು ಗಾಳಿಯಲ್ಲಿ ತೇವ ಬೇಕು. ತೇವ ಇಳಿದರೆ ಬಣ್ಣ ಸೆಟೆದುಕೊಂಡು ಬಿರುಕು ಬಿಟ್ಟು ಪ್ಲಾಸ್ಟಿಕ್ಕಿನಿಂದ ಕಳಚುತ್ತದೆ. ಪ್ಲಾಸ್ಟಿಕ್ಕಿಗೆ ಆ ತೇವವೇ ವೈರಿ. ಒಂದೇ ಹಾಳೆಯ ಎರಡು ಮೈಗೆ ಎರಡು ಬಗೆಯ ಹವೆ ಬೇಕು! ಲಾಸ್ ಏಂಜಲಿಸ್‌ನ ಗೆಟ್ಟಿ ಸಂರಕ್ಷಣಾ ಸಂಸ್ಥೆ ಡಿಸ್ನಿಯ ಅನಿಮೇಷನ್ ಸಂಶೋಧನಾ ಗ್ರಂಥಾಲಯದ ಜೊತೆ ಸೇರಿ ಈ ಬಿಕ್ಕಟ್ಟನ್ನೇ ಅಧ್ಯಯನ ಮಾಡಿತು. ಅವರು ಕಂಡುಕೊಂಡ ದಾರಿ ಸರಳ: ಕಳಚುತ್ತಿರುವ ಬಣ್ಣವನ್ನು ಹದವಾಗಿ ಏರಿಸಿದ ತೇವಾಂಶದಲ್ಲಿ ಇಟ್ಟರೆ ಗೋಂದು ಮೆದುವಾಗಿ, ಹೊಸ ಅಂಟಿಲ್ಲದೆಯೇ ಪ್ಲಾಸ್ಟಿಕ್ಕಿಗೆ ಮತ್ತೆ ಕೂರುತ್ತದೆ. ಇದು ಮನೆಯಲ್ಲಿ ಮಾಡುವ ಚಿಕಿತ್ಸೆಯಲ್ಲ. ಮನೆಯಲ್ಲಿ ಮಾಡಬಹುದಾದದ್ದು ತಂಪಾದ, ಬಿಸಿಲು ಬೀಳದ ಜಾಗ, ಹೆಚ್ಚು ಏರಿಳಿಯದ ನಡುಮಟ್ಟದ ತೇವ, ಗಾಜಿಗೂ ಹಾಳೆಗೂ ನಡುವೆ ಅಂತರ, ಆಮ್ಲದ ಆವಿ ಹೊರಹೋಗಲು ಗಾಳಿಯಾಟ. ವಿನೆಗರ್ ವಾಸನೆ ಹಿಡಿದದ್ದನ್ನು ಉಳಿದವುಗಳಿಂದ ದೂರ ಇಡಬೇಕು. ಮಳೆಗಾಲದ ಮಂಗಳೂರಿನಲ್ಲಿ ಗೋಡೆಗೆ ನೇತುಹಾಕುವುದು ಅಸಿಟೇಟಿಗೆ ಕೊಡುವ ಶಿಕ್ಷೆ.

ಬೆಲೆ ಎಲ್ಲಿಂದ ಬರುತ್ತದೆ

ಅಸಲಿ ಎಂದು ಗೊತ್ತಾದ ಮೇಲೂ ಬೆಲೆಯಲ್ಲಿ ಅಜಗಜಾಂತರ. ಪಾತ್ರ ಯಾರು, ಮುಖ ಇತ್ತ ತಿರುಗಿದೆಯೇ, ಕಣ್ಣು ತೆರೆದಿದೆಯೇ, ಇಡೀ ಮೈ ಕಾಣುತ್ತದೆಯೇ, ಚಿತ್ರ ಎಷ್ಟು ದೊಡ್ಡದು, ದೃಶ್ಯ ಎಷ್ಟು ಹೆಸರಾದದ್ದು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಒಂದೇ ದೃಶ್ಯದ 40ನೆಯ ಹಾಳೆಯಲ್ಲಿ ನಾಯಕಿ ನೇರ ನೋಡುತ್ತಿದ್ದು, 42ನೆಯದರಲ್ಲಿ ರೆಪ್ಪೆ ಮುಚ್ಚಿದ್ದರೆ, ಅಷ್ಟಕ್ಕೇ ಎರಡನೆಯದು ಅಗ್ಗ. ಬಣ್ಣ ತುಂಬಿದ ಶ್ರಮ ಮಾತ್ರ ಎರಡಕ್ಕೂ ಒಂದೇ.

ಎಲ್ಲಕ್ಕಿಂತ ಮಿಗಿಲಾದದ್ದು ಹಿನ್ನೆಲೆ. ಐದು ಸೆಕೆಂಡಿನ ದೃಶ್ಯಕ್ಕೆ 120 ಚೌಕಟ್ಟು. ಎರಡೆರಡರಂತೆ ಹಿಡಿದರೆ ಒಂದು ಪಾತ್ರಕ್ಕೇ 60 ಸೆಲ್. ಹಿನ್ನೆಲೆ ಚಿತ್ರ ಮಾತ್ರ ಒಂದೇ ಒಂದು. ಆ ಒಂದಕ್ಕೆ ಅದೇ ದೃಶ್ಯದ ಸೆಲ್ ಜೊತೆಯಾಗಿ ಉಳಿದಿದ್ದರೆ ಅದು ಸಂಗ್ರಾಹಕರ ಪಾಲಿನ ಶಿಖರ. ಅದಕ್ಕೇ ಮಾರುವ ಪಟ್ಟಿಯಲ್ಲಿ ಹಿನ್ನೆಲೆಯ ಬಗ್ಗೆ ಏನು ಬರೆದಿದೆ ಎಂದು ಎರಡು ಸಲ ಓದಬೇಕು. ಬೇರೆ ದೃಶ್ಯದ್ದೇ, ಬೇರೆ ಚಿತ್ರದ್ದೇ, ಮಾರಾಟಕ್ಕೆಂದು ಬರೆಸಿದ್ದೇ, ಬಣ್ಣದ ನಕಲು ಪ್ರತಿಯೇ? ಒಂದೊಂದು ಮೆಟ್ಟಿಲಿಗೂ ಬೆಲೆ ಇಳಿಯುತ್ತದೆ.

ಈ ಮಾರುಕಟ್ಟೆ ಹುಚ್ಚೆದ್ದದ್ದು 1980ರ ದಶಕದ ಕೊನೆಗೆ. 1934ರ 'ಆರ್ಫನ್ಸ್ ಬೆನಿಫಿಟ್' ಎಂಬ ಕಪ್ಪು-ಬಿಳುಪು ಕಿರುಚಿತ್ರದ ಸೆಲ್ ಮತ್ತು ಹಿನ್ನೆಲೆ 1989ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 2,86,000 ಡಾಲರಿಗೆ ಹೋಯಿತು. ಅದೇ ವರ್ಷ ಸೋದಬೀಸ್ 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್' ಚಿತ್ರದ ಸೆಲ್‌ಗಳನ್ನು ಹರಾಜಿಗಿಟ್ಟಾಗ ಒಟ್ಟು ಮೊತ್ತ 16 ಲಕ್ಷ ಡಾಲರ್ ದಾಟಿತು. ಒಂದು ಕಾಲಕ್ಕೆ ತೊಳೆದು ಮರುಬಳಕೆ ಮಾಡುತ್ತಿದ್ದ ಹಾಳೆಗಳಿವು.

ನಮ್ಮ ದೇಶದಲ್ಲೂ ಈ ಹಾಳೆಗಳು ಓಡಾಡಿವೆ. ಭಾರತದಲ್ಲೇ ಹುಟ್ಟಿ, ಡಿಸ್ನಿಯಲ್ಲಿ ಅನಿಮೇಟರ್ ಆಗಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಗೆ ಬಂದು ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗದವರಿಗೆ ತರಬೇತಿ ಕೊಟ್ಟರು. ಅವರಲ್ಲಿ ರಾಮ್ ಮೋಹನ್ ಒಬ್ಬರು. ಮುಂದೆ ಜಪಾನಿನ ಯುಗೊ ಸಾಕೊ ಅವರ ಜೊತೆ ರಾಮ್ ಮೋಹನ್ ಕೈಜೋಡಿಸಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' 1993ರಲ್ಲಿ ಪ್ರದರ್ಶನ ಕಂಡಿತು. ಸುಮಾರು ಒಂದು ಲಕ್ಷ ಸೆಲ್‌ಗಳ ಚಿತ್ರ ಅದು. ಅಂಥ ಒಂದು ಹಾಳೆ ಕೈಗೆ ಬಂದರೆ ಜಪಾನೀ ಗುರುತುಗಳನ್ನೇ ಅದರಲ್ಲಿ ಹುಡುಕಬೇಕು. ಕಥೆ ಅಯೋಧ್ಯೆಯದಾದರೂ ಬಣ್ಣ ತುಂಬಿದ ಪದ್ಧತಿ ಟೋಕಿಯೋದ್ದು.

ಕೊನೆಯ ಮಾತು ದುರಸ್ತಿಯ ಬಗ್ಗೆ. ಉದುರಿದ ಬಣ್ಣವನ್ನು ಹೊಸ ಬಣ್ಣದಿಂದ ತುಂಬಿ, ಮಾಸಿದ ರೇಖೆಯನ್ನು ತಿದ್ದಿ, ಹಾಳೆಯನ್ನು ಹೊಚ್ಚಹೊಸದರಂತೆ ಮಾಡಿಕೊಡುವವರಿದ್ದಾರೆ. ಗೋಡೆಗೆ ಅದು ಒಪ್ಪುತ್ತದೆ. ಆದರೆ ಅಲ್ಲಿ ಕ್ಯಾಮೆರಾ ಕಂಡ ಬಣ್ಣ ಹೋಗಿ, ಕ್ಯಾಮೆರಾ ಕಾಣದ ಬಣ್ಣ ಬಂದು ಕೂತಿರುತ್ತದೆ. ಪ್ರಾಮಾಣಿಕ ಮಾರಾಟಗಾರ ಅದನ್ನು ಪಟ್ಟಿಯಲ್ಲಿ ಬರೆಯುತ್ತಾನೆ, ಬಲ್ಲ ಕೊಳ್ಳುಗ ಅದಕ್ಕೆ ತಕ್ಕಂತೆ ಬೆಲೆ ಇಳಿಸುತ್ತಾನೆ. ಗೆಟ್ಟಿಯ ವಿಧಾನ ಮುಖ್ಯವಾಗುವುದು ಇದೇ ಕಾರಣಕ್ಕೆ. ಅದು ಏನನ್ನೂ ಸೇರಿಸುವುದಿಲ್ಲ, ಇದ್ದುದನ್ನು ಇದ್ದಲ್ಲಿಗೆ ಕೂರಿಸುತ್ತದೆ. ಬಿರುಕು ಬಿಟ್ಟ, ತುಸು ಹಳದಿಗಟ್ಟಿದ, ಮೂಲೆಯಲ್ಲಿ ಅಂಕಿ ಮಾಸಿದ ಹಾಳೆಯೊಂದು ತಿದ್ದಿ ತೀಡಿದ ಹಾಳೆಗಿಂತ ಹೆಚ್ಚು ಬಾಳುವುದಾದರೆ, ಕೊಳ್ಳುವವನು ಚಿತ್ರಕ್ಕೆ ಮರುಳಾದದ್ದಲ್ಲ, ತನಗೆ ಬೇಕಾದದ್ದು ಏನೆಂದು ಸರಿಯಾಗಿ ತಿಳಿದುಕೊಂಡಿದ್ದಾನೆ.